ಪುಟ್ಟತ್ತೆಯ ಪಾಲಿನ ಕಪ್ ಕೇಕು

ಕಪ್ ಕೇಕಿನ ಕಾಗದ ಬಿಡಿಸುವಾಗ ಒಂದು ಸದ್ದು ಬರುತ್ತದೆ, ಗಮನಿಸಿದ್ದೀರಾ? ಸರಸರ ಎನ್ನುವ ಸಣ್ಣ ಸದ್ದು. ಅದರ ಹಿಂದೆಯೇ ವೆನಿಲಾ, ಡಾಲ್ಡಾ, ಅಂಚಿನಲ್ಲಿ ಕಂದಿದ ಸಕ್ಕರೆಯ ವಾಸನೆ. ಮೊನ್ನೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿಯಲ್ಲಿ ನಿಂತು ಹಾಗೆ ಬಿಡಿಸುತ್ತಿದ್ದೆ. ಹೆಂಗಸರ ಸಂಘಗಳಿಗೆ ಹೊಲಿಗೆ ಕಲಿಸುತ್ತ ಊರೂರು ತಿರುಗುವ ಕೆಲಸ ನನ್ನದು. ಯಾವ ಊರಿನಲ್ಲಿ ಬಸ್ಸಿಳಿದರೂ ಕಣ್ಣು ಮೊದಲು ಹುಡುಕುವುದು ಬೇಕರಿಯನ್ನು. ಜೊತೆಯವರು ನಗುತ್ತಾರೆ. ನಗಲಿ ಬಿಡಿ. ಎರಡು ಮಕ್ಕಳ ತಾಯಿ, ತಲೆಯಲ್ಲಿ ಬಿಳಿಕೂದಲು ಇಣುಕುತ್ತಿರುವವಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತು "ಇವತ್ತಿನದಾ, ನಿನ್ನೆಯದಾ?" ಎಂದು ಜಬರ್ದಸ್ತಿನಿಂದ ಕೇಳಿದರೆ ಯಾರಿಗೆ ನಗು ಬರುವುದಿಲ್ಲ? ಆದರೆ ಆ ಸದ್ದು ಕಿವಿಗೆ ಬಿದ್ದಾಗ ನನಗೆ ಕಾಣುವುದು ಬೇಕರಿಯಲ್ಲ. ತಾಳವಾಡಿಯಿಂದ ಜೀರಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿದ್ದ ನಮ್ಮ ತಾತನ ಮನೆಯ ಅಡುಗೆಕೋಣೆ, ಅಲ್ಲಿ ಒಲೆಯ ಮುಂದೆ ಕೂತ ಪುಟ್ಟತ್ತೆ.

ಆ ಮನೆ ಈಗ ಇಲ್ಲ. ಇದ್ದಾಗ ಅದಕ್ಕೆ ವರ್ಷಕ್ಕೆ ಮೂರು ವಾಸನೆಗಳಿದ್ದವು. ಹಿತ್ತಲಲ್ಲಿ ಕೊಪ್ಪರಿಗೆ ಇಟ್ಟು ಅರಿಶಿನ ಬೇಯಿಸುವಾಗಿನ ಮಣ್ಣುಮಣ್ಣು ವಾಸನೆ, ರಾಗಿ ಹುಲ್ಲು ಒಟ್ಟಿದಾಗಿನ ಬಿಸಿಲ ವಾಸನೆ, ಮಳೆ ಹಿಡಿದರೆ ಗೋಡೆಗಂಟಿದ ಹೊಗೆಯ ವಾಸನೆ. ಈ ಮೂರರ ನಡುವೆ ಪುಟ್ಟತ್ತೆ ಓಡಾಡುತ್ತಿದ್ದಳು. ನನ್ನ ಅಪ್ಪನ ಕೊನೆಯ ತಂಗಿ. ಚಿಕ್ಕವಳಿದ್ದಾಗ ಅದೇ ಅರಿಶಿನದ ಕುದಿನೀರು ಸಿಡಿದು ಎಡಗೆನ್ನೆಯ ಮೇಲೆ ಅಂಗೈಯಗಲ ಕಲೆ ಉಳಿದಿತ್ತು. ನನಗೆ ಅದು ಕಲೆ ಅನಿಸಿದ್ದೇ ಇಲ್ಲ, ಅತ್ತೆಯ ಮುಖವೆಂದರೆ ಹಾಗೇ ಇರಬೇಕು ಎಂದುಕೊಂಡಿದ್ದೆ. ನೋಡಲು ಬಂದ ಗಂಡಿನವರಿಗೆ ಹಾಗನಿಸಲಿಲ್ಲ. "ಯೋಚನೆ ಮಾಡಿ ಹೇಳುತ್ತೇವೆ" ಎಂದು ಹೋದವರ ಯೋಚನೆ ಮುಗಿಯುತ್ತಲೇ ಇರಲಿಲ್ಲ. ಅವಳಿಗೆ ಇಪ್ಪತ್ತೇಳು ದಾಟಿದ ಮೇಲೆ ತಾತ ತಾನೇ ಎದ್ದು ಗಂಡಿನ ಮನೆಗಳನ್ನು ನೋಡಲು ಹೊರಟ.

ತಾತ, ದೊಡ್ಡಪ್ಪ, ಅಪ್ಪ, ಇಷ್ಟೇ ಆದರೆ ಮೂವರಾಗುತ್ತಾರೆ. ಒಳ್ಳೆಯ ಕೆಲಸಕ್ಕೆ ಮೂವರು ಹೋಗಬಾರದಲ್ಲ, ಹಾಗಾಗಿ ಎಂಟು ವರ್ಷದ ನಾನು ಲೆಕ್ಕ ತುಂಬಿಸುವ ನಾಲ್ಕನೆಯವಳು. ನಮ್ಮಲ್ಲಿ ಇನ್ನೊಂದು ಕಟ್ಟು ಇತ್ತು. ಸಂಬಂಧ ಕೇಳಲು ಹೋದ ಮನೆಯಲ್ಲಿ ನೀರು ಬಿಟ್ಟು ಬೇರೇನನ್ನೂ ಬಾಯಿಗಿಡಬಾರದು. ಇಟ್ಟರೆ ಒಪ್ಪಿದ ಹಾಗೆ. ಹೊಟ್ಟೆ ಎಷ್ಟೇ ಚುರುಗುಟ್ಟಿದರೂ ತಾತ ನೀರಿನ ಚೊಂಬು ಮಾತ್ರ ಎತ್ತುತ್ತಿದ್ದ. ಅಲ್ಲಿಂದ ಹೊರಬಿದ್ದು ಬಸ್‌ಸ್ಟ್ಯಾಂಡಿನ ಬೇಕರಿಗೆ ಬಂದರೆ ದೊಡ್ಡವರಿಗೆ ಬನ್ನು, ಟೀ. ನನಗೊಂದು ಕಪ್ ಕೇಕು, ಪೇಪರಿನಲ್ಲಿ ಸುತ್ತಿಸಿ ಪುಟ್ಟತ್ತೆಗೊಂದು. ಚಾಮರಾಜನಗರದ್ದು ಪುಟಾಣಿ, ಗುಂಡ್ಲುಪೇಟೆಯದಕ್ಕೆ ಮೇಲೆ ಕೆಂಪು ಟೂಟಿ ಫ್ರೂಟಿ, ಗೋಬಿಚೆಟ್ಟಿಪಾಳ್ಯದ್ದು ಎಣ್ಣೆ ಕುಡಿದು ಕಾಗದವೆಲ್ಲ ಜಿಡ್ಡು.

ಮನೆಗೆ ಬಂದರೆ ಗಂಡಸರು ಜಗಲಿಯಲ್ಲಿ ಹೊಲ, ಬಾವಿ, ಹಸು ಎಂದು ಮಾತಾಡುತ್ತಿದ್ದರು. ಪುಟ್ಟತ್ತೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವಳು ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು, ಕೇಕಿನ ಕಾಗದವನ್ನು ಒಂದು ಮಡಿಕೆಯೂ ಹರಿಯದಂತೆ ಬಿಡಿಸಿ, ಕಣ್ಣು ಮುಚ್ಚಿ ತಿಂದು ತೀರ್ಪು ಕೊಡುತ್ತಿದ್ದಳು. "ಗುಂಡ್ಲುಪೇಟೆ ಬ್ಯಾಡ ಕಣಮ್ಮಿ. ಮೇಲ ಚೆಂದಾಗದ, ಒಳಗ ಮರಳು ಮರಳು. ಅಂತ ಊರ್ಗ ನಾ ಓಗಲ್ಲ." ಇಬ್ಬರೂ ಅವಳ ಸೆರಗನ್ನೇ ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಅವಳು ಹೋಗಬೇಕಾದ ಊರುಗಳಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಆ ಒಂದು ಕೇಕು ಮಾತ್ರ ಎಂದು ಆಗ ನನಗೆಲ್ಲಿ ತಿಳಿಯಬೇಕು?

ಹನ್ನೊಂದನೆಯ ಮನೆ ಸತ್ಯಮಂಗಲದಲ್ಲಿತ್ತು. ದಿಂಬಂ ಘಾಟಿ ಇಳಿಯುವಾಗ ಇಪ್ಪತ್ತೇಳು ತಿರುವಿಗೂ ಲೆಕ್ಕ ತಪ್ಪದಂತೆ ವಾಂತಿ ಮಾಡಿಕೊಂಡು, ಹೊಟ್ಟೆ ಬರಿದಾಗಿ, ಅಪ್ಪನ ಹೆಗಲ ಮೇಲೆ ಆ ಮನೆ ಸೇರಿದೆ. ನಮ್ಮ ಬೆಟ್ಟದಿಂದಲೇ ಇಳಿದು ಹೋಗಿ ನೆಲೆಸಿದ್ದ ಜನ. ಮಾತಿಗೆ ಮಾತು ಬಂದಾಗ ಗೊತ್ತಾಯಿತು: ಹೊಲವಿಲ್ಲ, ಹುಡುಗ ಒಂದು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ತಾತನ ಹುಬ್ಬು ಗಂಟಾಯಿತು, ಎದ್ದು ಹೊರಡಲು ಕೋಲಿಗೆ ಕೈ ಹಾಕಿದ. ಅಷ್ಟರಲ್ಲಿ ಹುಡುಗನ ತಾಯಿ ನನ್ನ ಮುಂದೆ ತಟ್ಟೆ ಹಿಡಿದು "ಕೂಸಿನ ಮಖ ಬಾಡೋಗದ, ತಿನ್ನವ್ವ" ಎಂದಳು. ತಟ್ಟೆಯಲ್ಲಿ ಕಪ್ ಕೇಕು, ಇನ್ನೂ ಬೆಚ್ಚಗಿತ್ತು. ತಾತ "ಏಯ್" ಅನ್ನುವಷ್ಟರಲ್ಲಿ ಅರ್ಧ ನನ್ನ ಬಾಯಲ್ಲಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದೆ. ಆ ತಾಯಿಯ ಕಣ್ಣಲ್ಲಿ ನೀರೇ ಬಂದಿತ್ತು. ಅವರ ಪಾಲಿಗೆ ನಮ್ಮವರು ಒಪ್ಪಿಯಾಗಿತ್ತು.

ಬೆಟ್ಟ ಹತ್ತಿ ಮನೆಗೆ ಬಂದ ಮೇಲೆ ದೊಡ್ಡಪ್ಪ ಗುಡುಗಿದ: "ಒಂದ್ ಕೇಕ್ಗ ಅತ್ತೆನೇ ಕೊಟ್ಬುಡ್ತಲ್ಲ ಈ ಕೂಸು!" ಆ ಮಾತು ಎಷ್ಟೋ ವರ್ಷ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು, ಸುಳ್ಳು ಹೇಳುವುದಿಲ್ಲ. "ಮಗು ತಿಂದದ್ದು ಲೆಕ್ಕಕ್ಕಿಲ್ಲ" ಎಂದ ಅಪ್ಪ. ತಾತ ತಲೆ ಹಿಡಿದುಕೊಂಡ. "ಊರೋರ್ಗೆಲ್ಲ ನ್ಯಾಯ ಏಳೋನು ನಾನು. ನಮ್ಮ ಕೂಸೇ ಬಾಯ್ಗಾಕಂಡ ಮೇಲ ಇಲ್ಲ ಅನ್ನದು ಎಂಗ್ಲಾ?"

ಆ ಗಲಾಟೆಯಲ್ಲಿ ಪುಟ್ಟತ್ತೆಗೆ ಕೇಕು ತರುವುದು ಎಲ್ಲರಿಗೂ ಮರೆತಿತ್ತು. ನಾನು ಅಡುಗೆಕೋಣೆಗೆ ಹೋಗಿ, ಲಂಗದ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದ ಉಳಿದರ್ಧವನ್ನು ಅವಳ ಕೈಗಿಟ್ಟೆ. ನಜ್ಜುಗುಜ್ಜಾಗಿತ್ತು. ಅವಳು ನಗಲಿಲ್ಲ, ತೀರ್ಪೂ ಕೊಡಲಿಲ್ಲ. ನಿಧಾನಕ್ಕೆ ತಿಂದು, ಕೈ ತೊಳೆದು, ಜಗಲಿಯ ಬಾಗಿಲಿಗೆ ಹೋಗಿ ನಿಂತಳು. "ಅಪ್ಪಾ, ಅನ್ನೊಂದ್ ಮನ ನೋಡ್ಕ ಬಂದ್ರಿ. ಒಂದ್ಸಲವಾದ್ರೂ ನಂಗ ತೋರ್ಸುದ್ರಾ? ಈ ಮನನ ನಾನೇ ಓಗಿ ನೋಡ್ಬೇಕು." ಹೆಣ್ಣೇ ಹೋಗಿ ಗಂಡಿನ ಮನೆ ನೋಡುವುದು ನಮ್ಮಲ್ಲಿ ಕೇಳರಿಯದ ಮಾತು. ಬೇರೆ ದಿನವಾಗಿದ್ದರೆ ತಾತ ಏನು ಮಾಡುತ್ತಿದ್ದನೋ. ಅವತ್ತು ಅತ್ತ ಆ ಮನೆಯವರಿಗೆ ಇಲ್ಲ ಅನ್ನಲಾರ, ಇತ್ತ ಮಗಳಿಗೆ ಹೂಂ ಅನ್ನದೆ ದಾರಿಯಿಲ್ಲ.

ಮುಂದಿನ ವಾರ ನಾಲ್ಕನೆಯವಳಾಗಿ ಹೋದವಳು ಪುಟ್ಟತ್ತೆ. ನಾನು ಜಗಲಿಯಲ್ಲಿ ಕಾದು ಕೂತೆ. ಸಂಜೆ ಬಸ್ಸಿಳಿದು ಬಂದವಳು ಸೆರಗಿನ ಗಂಟು ಬಿಚ್ಚಿ ಒಂದು ಇಡೀ ಕಪ್ ಕೇಕನ್ನು ನನ್ನ ಕೈಗಿಟ್ಟಳು. "ಒಲ ಗದ್ದ ಇಲ್ಲ ನಿಜ ಕಣಮ್ಮಿ. ಆದ್ರ ಆ ಬೇಕ್ರಿಯವ್ರು ನನ್ನ ಮಖ ನೋಡೇ ಮಾತಾಡುದ್ರು. ಈ ಕಲೆ ಎಂಗಾಯ್ತು ಅಂದ್ರು, ಏಳ್ದೆ. ಆಮೇಲ ತೋಳು ಏರ್ಸಿ ಅವ್ರದ್ನೂ ತೋರ್ಸುದ್ರು. ಮೊಣಕೈ ತನಕ ಸುಟ್ಟ ಕಲೆ!" ಹೇಳುತ್ತ ಅವಳು ನಕ್ಕ ನಗು ನನಗೆ ಈಗಲೂ ಕೇಳಿಸುತ್ತದೆ.

ಮದುವೆಯಾಯಿತು. ಮಾವ ಬೇರೆಯವರ ಒಲೆಯ ಮುಂದೆ ಬಹಳ ವರ್ಷ ಬೆವರು ಸುರಿಸಿ, ಕೊನೆಗೆ ತಾಳವಾಡಿಯಲ್ಲೇ ತಮ್ಮದೊಂದು ಬೇಕರಿ ಹಾಕಿದರು. ತಾತ ಹೋದ, ದೊಡ್ಡಪ್ಪನೂ ಹೋದ, ಮನೆ ಪಾಲಾಯಿತು. ಹೋದ ವರ್ಷ ಗೋಡೆ ಕೆಡವುವಾಗ ನಾನೂ ಅಲ್ಲಿದ್ದೆ. ಅಡುಗೆಕೋಣೆಯ ಗೂಡಿನಲ್ಲಿ ಮಸಿ ಹಿಡಿದ ಡಬ್ಬಿಯೊಂದು ಸಿಕ್ಕಿತು. ಒಳಗೆ ಒಂದರೊಳಗೊಂದು ಕೂತ ಹನ್ನೊಂದು ಕೇಕಿನ ಕಾಗದಗಳು. ಮೇಲಿನದು ಅರ್ಧ ಹರಿದದ್ದು. ಅಲ್ಲೇ ಇಟ್ಟಿಗೆಯ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ.

ಡಬ್ಬಿಯನ್ನು ಪುಟ್ಟತ್ತೆಯ ಬೇಕರಿಗೆ ಒಯ್ದು, ಇಷ್ಟು ವರ್ಷ ಕೇಳಲಾರದ್ದನ್ನು ಕೇಳಿದೆ. "ಅತ್ತೆ, ಅವತ್ತು ನಾನು ತಿಂದದ್ದಕ್ಕೇ ನೀನು ಕಟ್ಟುಬಿದ್ದೆಯಾ?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಥೂ, ಉಚ್ಚಿ! ಇದ್ನ ಇಷ್ಟ್ ದಿನ ಒತ್ಕಂಡಿದ್ದಾ? ಒಟ್ಟೆ ಅಸ್ಕಂಡಿದ್ದ ಕೂಸು ಅರ್ಧ ತಿಂದು, ಅರ್ಧ ನಂಗ ಅಂತ ಮಡಿಲಲ್ಲಿ ಇಟ್ಕ ಬಂತು. ಅದ್ನ ನೋಡುದ್ ಮೇಲಯೇ ಕಣಮ್ಮಿ, ಅಪ್ಪನ ಮುಂದ ಓಗಿ ನಿಂತ್ಕಳಕ್ಕ ನಂಗ ಧೈರ್ಯ ಬಂದದ್ದು."

ಈಗ ಅವಳಿಗೆ ಸಕ್ಕರೆ ಕಾಯಿಲೆ, ಇಡೀ ಕೇಕು ತಿನ್ನುವಂತಿಲ್ಲ. ಮೊನ್ನೆ ಕೊಳ್ಳೇಗಾಲದ ಕೇಕನ್ನು ಅರ್ಧಕ್ಕೆ ನಿಲ್ಲಿಸಿ, ಕಾಗದ ಮಡಿಚಿ, ಬ್ಯಾಗಿನಲ್ಲಿ ಅಳತೆ ಟೇಪಿನ ಪಕ್ಕ ಇಟ್ಟುಕೊಂಡು ತಾಳವಾಡಿಗೆ ಹೋದೆ. ಒಳಗೆ ಮಾವ ಒಲೆಯಿಂದ ತಟ್ಟೆ ಎಳೆಯುತ್ತಿದ್ದರು. ಪುಟ್ಟತ್ತೆ ನನ್ನನ್ನು ಕಂಡವಳೇ ಕೈ ಚಾಚಿದಳು, ಎಂದಿನಂತೆ ಕಣ್ಣು ಮುಚ್ಚಿ ತಿಂದಳು, ಕಾಗದವನ್ನು ನೀವಿ ನೀವಿ ಆ ಡಬ್ಬಿಗೆ ಹಾಕಿದಳು. ಆ ಅಡುಗೆಕೋಣೆಯಲ್ಲಿ ಒಂದು ಊರನ್ನೂ ಅವಳು ಪಾಸು ಮಾಡಿದ್ದು ನನಗೆ ನೆನಪಿಲ್ಲ.

"ಊಂ," ಅಂದಳು. "ಈ ಊರ್ಗ ಓಗ್ಬೋದು. ಯಾವಾಗ ಓಗಮ ಏಳು, ನಾನೂ ಬತ್ತಿನಿ."