ಆಚೆಮನೆಯವರು ಹಾಕುತ್ತಿದ್ದ ಜಡೆ

ಮೊನ್ನೆ ಅಳಿಯ ಶಂಕರಪುರದಿಂದ ಒಂದು ಚೆಂಡು ಕಟ್ಟಿದ ಮಲ್ಲಿಗೆ ತಂದು ಮೇಜಿನ ಮೇಲಿಟ್ಟ. ಬಾಳೆಎಲೆ ಬಿಚ್ಚಿದೆ. ಪರಿಮಳ ಬಂದದ್ದೇ ನನಗೆ ಸಿಟ್ಟು ಬಂತು.

ನಾವು ಶಿರ್ವದಲ್ಲಿದ್ದಾಗ ಆಚೆಮನೆಯವರು ಮಲ್ಲಿಗೆ ಬೆಳೆದು ಕಟ್ಟಿ ಮಾರುತ್ತಿದ್ದರು. ಹೆಂಡತಿ ಕುವೈತಿನಲ್ಲಿ ನರ್ಸ್. ಮನೆಯಲ್ಲಿದ್ದು ಮಗಳನ್ನು ಸಾಕಿದ್ದು ಇವರು. ಬೆಳಿಗ್ಗೆ ಅವಳನ್ನು ಜಗಲಿಯಲ್ಲಿ ಕುಳ್ಳಿರಿಸಿ, ರಿಬ್ಬನ್ ಹಲ್ಲಿನಲ್ಲಿ ಕಚ್ಚಿಕೊಂಡು ಎರಡು ಜಡೆ ಹಾಕುತ್ತಾ ಮಗ್ಗಿ ಹೇಳಿಸುತ್ತಿದ್ದರು. ಎಷ್ಟು ನೀಟ್ ಜಡೆ ಅಂತೀರಿ... ಕಾನ್ವೆಂಟಿನ ಸಿಸ್ಟರ್ ಕೂಡ ಹೊಗಳುತ್ತಿದ್ದರು.

ಹೂ ಕೊಂಡುಹೋಗುವವನು ಹೆಂಗಸರನ್ನು ಕರೆಯುವ ಹಾಗೆ ಗೇಟಿನಿಂದಲೇ ಕೂಗುತ್ತಿದ್ದ, "ಬಾಯಮ್ಮಾ, ಹೂ ಆಯ್ತಾ?"

"ನಿಲ್ಲು ಮಾರಾಯ, ನಿನಗೂ ಒಂದು ಜಡೆ ಹಾಕಿ ಕಳಿಸ್ತೇನೆ."

ದಾರಿಯಲ್ಲಿದ್ದವರು ನಗುತ್ತಿದ್ದದ್ದು ಮಾತ್ರ ಅವರನ್ನೇ ನೋಡಿ. ನನ್ನ ಗಂಡ ಎರಡು ವರ್ಷಕ್ಕೊಮ್ಮೆ ಬಹರೈನಿನಿಂದ ಬಂದು, ನಮ್ಮ ಮಗಳು ಯಾವ ಕ್ಲಾಸೆಂದು ನನ್ನನ್ನೇ ಕೇಳುತ್ತಿದ್ದರು. ಊರಿನ ಕಣ್ಣಿಗೆ ಅವರು ರೆಸ್ಪಾನ್ಸಿಬಲ್ ಫಾದರ್.

ಆ ಹುಡುಗಿ ದೊಡ್ಡವಳಾದ ದಿನ ಆಚೆಮನೆಯವರು ಮೆಡಿಕಲ್ ಶಾಪಿಗೆ ಹೋಗಿ ಪ್ಯಾಡ್ ಕೇಳಿದರು. ಪೇಪರಿನಲ್ಲಿ ಸುತ್ತಿಸಿಕೊಳ್ಳದೆ ಕೈಯಲ್ಲೇ ಹಿಡಿದು ಬಂದರು. ಅಷ್ಟೇ ಸಾಕಾಯಿತು. ಊರೆಲ್ಲ ಅದೇ ಮಾತು. ಸುದ್ದಿ ತಲುಪಿ ಮುಂಬಯಿಯಿಂದ ಅವರ ಅಕ್ಕ ಬಂದಿಳಿದರು.

"ಬೆಳೆದ ಹುಡುಗಿಗೆ ಗಂಡಸು ತಲೆ ಬಾಚುವುದಾ? ನಾಚಿಕೆ ಉಂಟಾ ನಿನಗೆ?"

"ಅವಳು ನನ್ನ ಮಗಳಲ್ವಾ ಅಕ್ಕ..."

ಅಕ್ಕ ಕೇಳಬೇಕಲ್ಲ. ಕುವೈತಿಗೆ ಫೋನು ಮಾಡಿ, ಹೆಂಡತಿಯನ್ನೂ ಹೆದರಿಸಿ ಒಪ್ಪಿಸಿದರು. ಹುಡುಗಿ ಇನ್ನು ಮುಂಬಯಿಯಲ್ಲೇ ಬೆಳೆಯಬೇಕೆಂದು ಆಯಿತು. ನಾನು ಹೋಗಿ ಆ ಅಕ್ಕನ ಹತ್ತಿರ ಬೇಡವೆಂದು ಜಗಳವಾಡಿದೆ. "ನಿಮಗೆ ಯಾಕೆ ಇದೆಲ್ಲ" ಎಂದರು. ಹೊರಡುವ ದಿನ ರಿಕ್ಷಾ ಅಂಗಳದಲ್ಲಿ ನಿಂತಿದ್ದರೂ ಇವರು ಜಗಲಿಯಲ್ಲಿ ಜಡೆ ಹಾಕುತ್ತಿದ್ದರು, ತುಂಬಾ ನಿಧಾನ... ಅಕ್ಕ ಬಾಚಣಿಗೆ ಕಿತ್ತುಕೊಂಡರು. ಒಂದು ಕಡೆ ಜಡೆ, ಒಂದು ಕಡೆ ಬಿಚ್ಚಿದ ಕೂದಲು. ಹಾಗೆಯೇ ಹೋದಳು ಹುಡುಗಿ.

ಕಳೆದ ಮಳೆಗಾಲದಲ್ಲಿ ಆಚೆಮನೆಯವರು ತೀರಿಕೊಂಡರು. ಮಗಳು ಬಂದಿದ್ದಳು, ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ನಾನು ತಲೆ ಸವರಿದಾಗ ಹೇಳಿದಳು, "ಆಂಟಿ, ನನಗೆ ಜಡೆ ಹಾಕಲು ಬರುವುದಿಲ್ಲ. ಪಪ್ಪ ಹಾಕ್ತಾರಲ್ಲ ಅಂತ ಕಲಿಯಲೇ ಇಲ್ಲ."

ಮೊನ್ನೆಯೇ ಅಳಿಯ ಮೊಮ್ಮಗಳ ನ್ಯಾಪಿ ಬದಲಿಸಿದ. ನನ್ನ ಮಗಳು ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು. "ಸಚ್ ಎ ಲವಿಂಗ್ ಡ್ಯಾಡಿ" ಎಂದು ಬರೆದವರಲ್ಲಿ ಅಂದು ದಾರಿಯಲ್ಲಿ ನಿಂತು ನಕ್ಕವರೂ ಇದ್ದರು. ಅಳಿಯ ಒಳ್ಳೆಯವನೇ, ಹೊಗಳಲಿ. ಆದರೆ ಆ ಮನುಷ್ಯನ ಹತ್ತಿರ ಒಬ್ಬರೂ ಒಂದು ಸಾರಿಯೂ ಇಂಥ ಮಾತು ಹೇಳಲಿಲ್ಲ. ಇನ್ನು ಹೇಳುವುದಾದರೂ ಯಾರಿಗೆ...

ಮಲ್ಲಿಗೆ ಮೇಜಿನ ಮೇಲೆಯೇ ಬಾಡಿತು. ಮುಡಿಯಲು ನನಗೆ ಕೈ ಬರಲಿಲ್ಲ.