ಹೂವಿನ ವಿಳಾಸ

ಮೊನ್ನೆ ಟ್ರಂಕಿನಿಂದ ಸೀರೆ ತೆಗೆಯುವಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮಕ್ಕಳೇ, ನನಗೆ ಟೀಚರ ನೆನಪಾಯಿತು. ಜೊತೆಗೆ ಹಳೆಯ ಸಿಟ್ಟೂ ಬಂತು.

ನಾನು ಬೆಟ್ಟಂಪಾಡಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸತು. ಎಪ್ಪತ್ತರ ದಶಕ, ಗೇಣಿಗೆ ಮಾಡುವವರು ಜಮೀನು ತಮ್ಮದೆಂದು ಡಿಕ್ಲರೇಷನ್ ಕೊಡುತ್ತಿದ್ದ ಕಾಲ. ನಮ್ಮ ಹೊರಗಿನ ಕೋಣೆಯಲ್ಲಿ ಕಾಲೇಜಿನ ಸಸ್ಯಶಾಸ್ತ್ರದ ಟೀಚರು ಬಾಡಿಗೆಗಿದ್ದರು. ರಜೆಯಲ್ಲಿ ಗುಡ್ಡ, ಹಳ್ಳ-ತೋಡು ಸುತ್ತಿ ಗಿಡ ತಂದು, ಹಳೆ ಪೇಪರಿನ ನಡುವೆ ಒತ್ತಿ ಒಣಗಿಸಿ, ನುಸಿಗುಳಿಗೆ ಹಾಕಿ ಇಡುತ್ತಿದ್ದರು. ಪ್ರತಿ ಗಿಡಕ್ಕೂ ಒಂದು ಚೀಟಿ. ಚೌಕಗಳಿದ್ದ ಸರ್ವೆ ನಕ್ಷೆ ನೋಡಿ, ಗಿಡ ಸಿಕ್ಕಿದ ಜಾಗದ ಆರಂಕಿಯ ನಂಬ್ರವನ್ನು ಅದರಲ್ಲಿ ಬರೆಯುತ್ತಿದ್ದರು. "ಮೊದಲು ಪೂರ್ವಕ್ಕೆ ಎಷ್ಟು, ಆಮೇಲೆ ಉತ್ತರಕ್ಕೆ ಎಷ್ಟು" ಎಂದು ನನಗೂ ಕಲಿಸಿದ್ದರು. ಯಾರೆದುರೂ ಬಾಯಿಬಿಡದ ನಾನು, ಮನೆಯ ಹಿಂದಿನ ಬೋಳು ಕಲ್ಲುಹಾಸಿಗೆ, ನಮ್ಮ ಪಾದೆಗೆ, ಅವರನ್ನು ಕರೆದುಕೊಂಡು ಹೋಗಿ, ಕಲ್ಲಿನ ಮೇಲಿನ ಮಳೆನೀರಿನಲ್ಲಿ ಅರಳುವ ನೀಲಿ ಹೂ ತೋರಿಸಿದ್ದೆ…

ನಿಮ್ಮ ಅಜ್ಜನ ದೊಡ್ಡಪ್ಪನಿಗೆ ಗುಮಾನಿ ಹತ್ತಿತು.

"ಎಂತ ಟೀಚರೇ, ಯಾವ ಗೇಣಿಯವನಿಗೆ ಕೊಡ್ಲಿಕ್ಕೆ ನಮ್ಮ ಜಾಗದ ನಂಬ್ರ ಬರೆದುಕೊಳ್ಳುದು?"

"ಅದು ಹೂವಿನ ವಿಳಾಸ, ಅಷ್ಟೇ."

"ಓಹೋ, ಹೂವಿಗೂ ವಿಳಾಸ ಉಂಟಾ! ಟಪಾಲು ಹಾಕ್ಲಿಕ್ಕಾ ಮಾರಾಯ್ರೆ?"

ಜಗಲಿಯಲ್ಲಿದ್ದ ಗಂಡಸರೆಲ್ಲ ನಕ್ಕರು. ಮರುದಿನ ಟೀಚರು ಕಾಲೇಜಿಗೆ ಹೋದ ಮೇಲೆ ದೊಡ್ಡಪ್ಪ ಕೋಣೆಗೆ ನುಗ್ಗಿ, ಚೀಟಿಗಳನ್ನೆಲ್ಲ ಕಿತ್ತು, ನಕ್ಷೆಯನ್ನೂ ಸೇರಿಸಿ ಬಚ್ಚಲ ಒಲೆಗೆ ಹಾಕಿದರು.

ಏನೂ ತಿಳಿಯದವರಾಗಿದ್ದರೆ ಬೇರೆ. ಊರಿನ ಸರ್ವೆ ನಂಬ್ರಗಳೆಲ್ಲ ಬಾಯಿಪಾಠವಿದ್ದ ಮನುಷ್ಯ! ಸರ್ವೆ ನಂಬ್ರವೆಂದರೆ ಎರಡೋ ಮೂರೋ ಅಂಕಿ; ನಮ್ಮೂರಿನ ಯಾವ ಗದ್ದೆಗೆ ಆರಂಕಿಯ ನಂಬ್ರವಿತ್ತು? ಒಂದು ಮಾತು ಕೇಳಿದ್ದರೆ ಟೀಚರು ನಕ್ಷೆ ಬಿಡಿಸಿ ತೋರಿಸುತ್ತಿದ್ದರು. ಬಾಡಿಗೆಗಿದ್ದ ಒಂಟಿ ಹೆಂಗಸನ್ನು ಕೇಳುವುದೇನು ಎಂಬ ಸೊಕ್ಕು.

ಸಂಜೆ ಬಂದ ಟೀಚರು ಚೀಟಿ ಕಿತ್ತ ಗಿಡಗಳನ್ನು ಒಂದೊಂದಾಗಿ ತಿರುವಿ ನೋಡಿದರು.

"ನೆನಪಿದ್ದಷ್ಟು ಬರೀಬಹುದಲ್ಲಾ?" ಎಂದೆ.

"ಅಂದಾಜಿಗೆ ಬರೆದ್ರೆ ಸುಳ್ಳಾಗ್ತದೆ. ಎಲ್ಲಿಯದ್ದು ಅಂತ ಹೇಳ್ಲಿಕ್ಕಾಗದ ಗಿಡ ಬರೀ ಕಸ, ತಂಗೀ."

ಮೂರು ಮಳೆಗಾಲದ ದುಡಿಮೆಯನ್ನು ತಾವೇ ಹೊತ್ತು ಗೊಬ್ಬರದ ಗುಂಡಿಗೆ ಸುರಿದರು. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿದರು. ತಪ್ಪಾಯಿತೆಂದು ಈ ಮನೆಯಲ್ಲಿ ಒಬ್ಬರೂ ಅನ್ನಲಿಲ್ಲ. ಟೀಚರು ಈಗ ಬದುಕಿದ್ದಾರೋ ಇಲ್ಲವೋ…

ದೊಡ್ಡಪ್ಪ ಹಾಗೆ ಕಾಯ್ದುಕೊಂಡ ಪಾದೆಯನ್ನು ಅವರ ಮಕ್ಕಳೇ ಕೆಂಪುಕಲ್ಲು ಕಡಿದು ತೆಗೆಯುವ ಕೋರೆಗೆ ಮಾರಿದರು. ಹೋದ ವಾರ ನಿಮ್ಮಲ್ಲಿ ಚಿಕ್ಕವಳನ್ನು ಅಲ್ಲಿಗೆ ಕರೆದೊಯ್ದೆ. ನಿಂತ ಜಾಗದ ನಂಬ್ರವನ್ನು ಅವಳ ಫೋನು ಕ್ಷಣದಲ್ಲಿ ತೋರಿಸಿತು.

"ಹೂ ಇದ್ದದ್ದು ಇಲ್ಲೇಯಾ ಅಜ್ಜಿ?"

"ಇನ್ನೂ ಸ್ವಲ್ಪ ಮುಂದೆ" ಎಂದೆ. ಅಲ್ಲಿ ಕಾಲಿಡಲು ನೆಲವಿರಲಿಲ್ಲ.