ಬಡಿಗೇರ ಕಾಕಾ ನಂಬದ ಗಿಟಾರು

ಬಡಿಗೇರ ಕಾಕಾ ಯಾವ ವಸ್ತುವನ್ನೂ ಮೊದಲ ಸಲ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬಾಗಿಲ ಚಿಲಕವಿರಲಿ, ಚಹಾದ ಗ್ಲಾಸಿರಲಿ, ರಿಪೇರಿಗೆ ಬಂದ ಗಿಟಾರಿರಲಿ, ಬಲಗೈಯನ್ನು ಮಗುಚಿ ಬೆರಳುಗಳ ಹಿಂಬದಿಯನ್ನು ಒಂದು ಕ್ಷಣ ತಾಗಿಸಿ ತೆಗೆಯುತ್ತಿದ್ದರು. ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೈ ತಿರುಗಿಸಿ ಹಿಡಿಯುವುದು. ನಾನು ಮೊದಲ ಸಲ ಅವರ ಅಂಗಡಿಗೆ ಹೋಗಿ ಕೈ ಕುಲುಕಲೆಂದು ಚಾಚಿದಾಗ ನನ್ನ ಅಂಗೈಗೂ ಅದೇ ಪರೀಕ್ಷೆಯಾಯಿತು. ದೋಸೆ ಕಾವಲಿ ಕಾದಿದೆಯೇ ಎಂದು ನೋಡುವವರ ಹಾಗೆ ತಾಗಿಸಿ, ಕೈ ಹಿಂದಕ್ಕೆಳೆದುಕೊಂಡು, ಮರಾಠಿಯಲ್ಲಿ ಕೂರಲು ಹೇಳಿದರು. ಕುಲುಕಲಿಲ್ಲ.

ಪುಣೆಯ ಸದಾಶಿವ ಪೇಠದ ಒಂದು ಹಳೆಯ ವಾಡೆಯಲ್ಲಿ, ಕೋಚಿಂಗ್ ಕ್ಲಾಸಿಗೆ ಹತ್ತುವ ಮೆಟ್ಟಿಲುಗಳ ಕೆಳಗೆ ಅವರ ಅಂಗಡಿ. ಒಂದೇ ಕೋಣೆ. ಗೋಡೆಯ ತುಂಬ ಕತ್ತು ಮುರಿದ, ಹೊಟ್ಟೆ ಬಿರಿದ ವಾದ್ಯಗಳು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ರಸ್ತೆಯ ಮರಳು ಒಂದು ಕಣ ಮೇಜಿಗೆ ಬಂದರೂ ಪಾಲಿಶ್ ಹಾಳಾಗುತ್ತದೆ ಎನ್ನುತ್ತಿದ್ದರು. ಬೆಳಗಾವಿ ಕಡೆಯ ಮರಗೆಲಸದ ಮನೆತನ. ಹರೆಯದಲ್ಲಿ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು, ಅದನ್ನು ಬಿಟ್ಟು ಈ ಅಂಗಡಿ ಹಾಕಿದವರು. ನಾನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡಿದ್ದನ್ನು ಕೇಳಿಸಿಕೊಂಡು, "ಉಡುಪಿ ಕಡೆಯವರೇನ್ರಿ? ಹೋಟೆಲ್ ಇಟ್ಟೀರೇನು?" ಎಂದು ಕನ್ನಡಕ್ಕೆ ತಿರುಗಿದರು. ಹೌದೆಂದೆ. ಚಿಂಚವಾಡದಲ್ಲಿ ಅಜ್ಜ ಹಾಕಿದ ಹೋಟೆಲು. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಅಲ್ಲಿಯ ಗಲ್ಲಾದಲ್ಲಿ ಕೂತವನು. ಶನಿವಾರ, ಭಾನುವಾರ ಸಂಜೆ ಮೂಲೆಯಲ್ಲಿ ನಿಂತು ಗಿರಾಕಿಗಳಿಗಾಗಿ ಗಿಟಾರು ಬಾರಿಸುತ್ತೇನೆ.

"ಅಂದ್ರ ಬಿ.ಎಸ್ಸಿ. ಇಡ್ಲಿ" ಎಂದರು. ಆ ಹೆಸರು ಉಳಿಯಿತು. ಬಹುವಚನ ಮಾತ್ರ ಒಂದು ವಾರದಲ್ಲಿ ಹೋಯಿತು.

ಅವರ ಅನುಮಾನ ವಸ್ತುಗಳಿಗಷ್ಟೇ ಸೀಮಿತವಾಗಿರಲಿಲ್ಲ. ರಿಪೇರಿಗೆ ತಂದವರನ್ನೆಲ್ಲ ಮೊದಲು ಕೇಳುತ್ತಿದ್ದುದು, ಎಲ್ಲಿ ಬೀಳಿಸಿದಿರಿ ಎಂದು. ಒಮ್ಮೆ ಹಾಸ್ಟೆಲಿನಲ್ಲಿರುವ ಒಬ್ಬ ಹುಡುಗಿ ಸೀಳು ಬಿಟ್ಟ ಗಿಟಾರು ತಂದು, "ಪಡ್ಲೀ ನಾಹೀ, ಕಾಕಾ" ಎಂದಳು, ಬಿದ್ದೇ ಇಲ್ಲ ಎಂದು. ಕಾಕಾ ದಂತವೈದ್ಯರ ಪುಟ್ಟ ಕನ್ನಡಿ ತೆಗೆದು, ಟಾರ್ಚು ಹಿಡಿದು, ಒಳಗೂ ಹೊರಗೂ ಹತ್ತು ನಿಮಿಷ ನೋಡಿದರು. ಆಮೇಲೆ ಉಗುರಿನಿಂದ ಅಂಚಿನ ಹಸಿರು ಬಣ್ಣದ ಒಂದು ಚೂರನ್ನು ಕೆರೆದು ಅವಳ ಅಂಗೈಗಿಟ್ಟು, ನಿನ್ನ ಮಂಚ ಹಸಿರು, ಕಬ್ಬಿಣದ್ದು, ಎಂದರು. ಅವಳು ಹೋದ ಮೇಲೆ ನನ್ನತ್ತ ತಿರುಗಿ, "ಬಿದ್ದದ ಅಂದ್ರ ಒಂದ ಸಲ ಬಿದ್ದದ. ಬಿದ್ದಿಲ್ಲ ಅಂದ್ರ ಎರಡ ಸಲ ಬಿದ್ದದ. ಬರಕೋ" ಎಂದರು.

ನನ್ನ ಎರಡು ಮರದ ಗಿಟಾರುಗಳನ್ನು ಅವರೇ ನೋಡಿಕೊಂಡರು. ನಮ್ಮ ಹೋಟೆಲಿನಲ್ಲಿ ಮರ ಬಾಳುವುದಿಲ್ಲ. ಒಂದು ಕಡೆ ಇಡ್ಲಿ ಪಾತ್ರೆಯ ಹಬೆ, ಇನ್ನೊಂದು ಕಡೆ ಮೇ ತಿಂಗಳ ಪುಣೆಯ ಒಣ ಬಿಸಿಲು. ಒಂದರಲ್ಲಿ ತಂತಿಗಳನ್ನು ಹಿಡಿದಿಡುವ ಪಟ್ಟಿ ಅಂಟು ಬಿಟ್ಟು ಎದ್ದಿತು. ಇನ್ನೊಂದರ ಎದೆಹಲಗೆ ಒಂದು ಮಧ್ಯಾಹ್ನ, ಯಾರೂ ಮುಟ್ಟದೆ, ಟಪ್ಪೆಂದು ಸೀಳಿತು. ಮಳೆಗಾಲದಲ್ಲಿ ಕತ್ತು ಬಾಗಿ, ತಂತಿ ಮೇಲೆದ್ದು, ಬೆರಳು ನೋಯುತ್ತಿತ್ತು. ಕೊನೆಗೆ ಬೇಸತ್ತು ಕಾರ್ಬನ್ ಫೈಬರ್ ಗಿಟಾರು ತರಿಸಿಕೊಂಡೆ.

ಅದರ ಆಕರ್ಷಣೆಯನ್ನು ಈಗಲೂ ಅಲ್ಲಗಳೆಯಲಾರೆ. ಕಪ್ಪು ಮೈ, ಬೆಳಕಿಗೆ ಹಿಡಿದರೆ ಚಾಪೆ ಹೆಣೆದ ಹಾಗೆ ಒಳಗೆ ನವಿರಾದ ಎಳೆಗಳು. ಕತ್ತು, ಬೆನ್ನು, ಪಕ್ಕೆ ಎಲ್ಲ ಒಂದೇ ಅಚ್ಚು. ಕೂಡಿಸಿದ ಗುರುತೇ ಇಲ್ಲ. ಎತ್ತಿದರೆ ಭಾರವಿಲ್ಲ. ಸ್ವರ ಸ್ವಚ್ಛ, ಬಾರಿಸಿ ಬಿಟ್ಟರೆ ಬಹಳ ಹೊತ್ತು ನಿಲ್ಲುತ್ತದೆ. ಅಡುಗೆಮನೆಯ ಬಾಗಿಲ ಪಕ್ಕ ಎರಡು ತಿಂಗಳು ತೂಗುಹಾಕಿದರೂ ಶ್ರುತಿ ಕೂದಲಷ್ಟು ಅಲುಗಲಿಲ್ಲ. ಸಾಂಬಾರು ಸಿಡಿದರೆ ಟೇಬಲು ಒರೆಸುವ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದೆ.

ಒಂದೇ ಕೊರತೆ. ಲೋಟಗಳ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ. ಒಳಗೆ ತಂತಿಯ ಸದ್ದು ಹಿಡಿಯುವ ಪಿಕಪ್ ಕೂರಿಸಿ, ಬುಡದಲ್ಲಿ ತೂತು ಕೊರೆದು, ಆಂಪ್ಲಿಫೈಯರಿನ ವೈರು ಚುಚ್ಚಲು ಒಂದು ಲೋಹದ ಸಾಕೆಟ್ ಹಾಕಬೇಕಿತ್ತು. ಕಾಕಾರ ಹತ್ತಿರ ಒಯ್ದೆ.

ಬೆರಳ ಹಿಂಬದಿ ತಾಗಿಸಿದರು. ಮತ್ತೆ ತಾಗಿಸಿದರು. ಉಗುರಿನಿಂದ ಬಡಿದು ಕಿವಿಗೊಟ್ಟರು. ಮೂಸಿದರು.

"ಏನೂ ವಾಸನಿ ಇಲ್ಲಲೋ ಇದಕ್ಕ."

"ಅದು ಮರ ಅಲ್ಲ ಕಾಕಾ. ಬಿಸಿಲು, ಮಳೆ, ಎಂಥದೂ ಆಗುದಿಲ್ಲ ಅದಕ್ಕೆ."

"ಎಂಥದೂ ಆಗೂದಿಲ್ಲ ಅನ್ನೂದು ಏನೈತಿ ಹೇಳು ಈ ಜಗತ್ತಿನ್ಯಾಗ? ಎಂಟು ದಿನ ಇಲ್ಲಿರಲಿ. ನೋಡೂಣು."

ಎಂಟು ದಿನ ಅದನ್ನು ಬೇರೆ ವಾದ್ಯಗಳಿಂದ ದೂರ, ಒಂಟಿಯಾಗಿ ತೂಗುಹಾಕಿದರು. ಅದರ ತಲೆಯ ಗುರುತಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದರು. ದಿನಾ ಬೆಳಗ್ಗೆ ಬಂದು ಕತ್ತು ಬಾಗಿದೆಯೇ ಎಂದು ನೋಡುವುದು. ಒಂಬತ್ತನೆಯ ದಿನ ನಾನು ಹೋದಾಗ ಅವರ ಮುಖ ಸಪ್ಪಗಿತ್ತು.

"ಒಂದ ಕೂದಲಷ್ಟೂ ಅಲುಗಿಲ್ಲ" ಎಂದರು. "ಕಟಗಿ ಆಗಿದ್ರ ಒಂದ ದಿನ ಬಾಗತದ, ಒಂದ ದಿನ ಚೀರತದ, ಏನಾಗ್ಯದ ಅಂತ ಹೇಳತದ. ಇದು ಬಾಯೇ ಬಿಡವಲ್ದು. ಏನೋ ಮುಚ್ಚಿಟ್ಟದ."

ನಾನು ನಕ್ಕೆ. ಕಾಕಾ ನಗಲಿಲ್ಲ. ಆ ದಿನವೇ, ಕೈಯ ಹಿಂಬದಿಯ ಅಭ್ಯಾಸ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ ಕಾರ್ಖಾನೆಯ ಕಥೆ ಹೇಳಿದ್ದು. ಅವರ ಪಕ್ಕದ ಯಂತ್ರದಲ್ಲಿದ್ದ ಗೆಳೆಯ ಒಂದು ದಿನ ಯಂತ್ರದ ಹಿಡಿಕೆಯನ್ನು ಅಂಗೈಯಿಂದ ಹಿಡಿದ. ಅದರಲ್ಲಿ ಕರೆಂಟು ಹರಿಯುತ್ತಿತ್ತು. ಹಿಡಿದ ಮುಷ್ಟಿ ಬಿಚ್ಚಲಿಲ್ಲ. "ಅಂಗೈ ಕೊಟ್ಟರ ಕರೆಂಟು ಮುಷ್ಟಿ ಮಾಡಿಸ್ತದ, ಬಿಡೂದಿಲ್ಲ. ಹಿಂದಿನ ಬಾಜು ಕೊಟ್ಟರ ದೂರ ಒಗೀತದ" ಎಂದು, ಉಳಿ ಮಸೆಯಲು ಕೂತರು. ಹೀಗೆ ಕೈಯಿಂದ ಪರೀಕ್ಷೆ ಮಾಡುವುದೇ ತಪ್ಪು, ಅದಕ್ಕೆಂದೇ ಟೆಸ್ಟರ್ ಇದೆ ಎಂದು ಆಮೇಲೆ ನಮ್ಮ ಎಲೆಕ್ಟ್ರಿಷಿಯನ್ ಬೈದ. ಇರಬಹುದು.

ಜೂನ್ ತಿಂಗಳ ಮೊದಲ ಮಳೆ ಬಂದ ಮಧ್ಯಾಹ್ನ ಸಾಕೆಟ್ ಕೂರಿಸಿದ ಸುದ್ದಿ ಬಂತು. ಪರೀಕ್ಷೆ ಮಾಡಲೆಂದು ಹೋಟೆಲಿನ ಆಂಪ್ಲಿಫೈಯರನ್ನೇ ಸ್ಕೂಟರಿನ ಮೇಲೆ ಇಟ್ಟುಕೊಂಡು ಹೋದೆ. ಅದು ನಮ್ಮಲ್ಲಿ ಕೈ ತೊಳೆಯುವ ಬೇಸಿನ್ನಿನ ಪಕ್ಕ ವರ್ಷಾನುಗಟ್ಟಲೆ ಹಬೆ ಕುಡಿದ ಡಬ್ಬಿ. ಪ್ಲಗ್ಗಿನ ಮೂರನೆಯ ಕಾಲನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಕಾಲನ್ನು, ನಮ್ಮ ಹಳೆಯ ಬೋರ್ಡಿಗೆ ಹಿಡಿಸುವುದಿಲ್ಲವೆಂದು ನಾನೇ ಕತ್ತರಿಸಿ ಹಾಕಿದ್ದೆ. ಅಂದು ನನಗೆ ಅದರ ನೆನಪೂ ಇರಲಿಲ್ಲ.

ಕಾಕಾರ ಅನುಮಾನವೆಲ್ಲ ಗಿಟಾರಿನ ಮೇಲೆಯೇ ಇತ್ತು. ಕೊರೆದ ತೂತಿನ ಅಂಚನ್ನು ತೋರಿಸಿ, "ಕರೀ ಪುಡಿ ಉದುರತದ ನೋಡು, ಪೆನ್ಸಿಲ್ ಕೆತ್ತಿದಂಗ" ಎಂದರು. ಪೆನ್ಸಿಲ್ ಎಂದ ಮೇಲಾದರೂ ನನಗೆ ಹೊಳೆಯಬೇಕಿತ್ತು. ಶಾಲೆಯಲ್ಲಿ ಪೆನ್ಸಿಲ್ ಕಡ್ಡಿಯ ಮೂಲಕ ಕರೆಂಟು ಹರಿಸಿ ಬಲ್ಬು ಹೊತ್ತಿಸಿದವನು ನಾನು. ಇಂಗಾಲದಲ್ಲಿ ಕರೆಂಟು ಹರಿಯುತ್ತದೆ, ಒಣ ಮರದಲ್ಲಿ ಹರಿಯುವುದಿಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿದ್ದುದು ಕಾಕಾರನ್ನು ಸೋಲಿಸುವುದೊಂದೇ.

"ಇನ್ನೂ ನಂಬಿಕೆ ಬರ್ಲಿಲ್ವಾ ಕಾಕಾ? ಇಲ್ಲಿ ನೋಡಿ" ಎಂದು ಅವರು ನನಗೆ ಕೊಟ್ಟಿದ್ದ ಲೋಟದ ನೀರನ್ನು ಗಿಟಾರಿನ ಎದೆಯ ಮೇಲೆ ಸುರಿದೆ.

ಕಾಕಾ ಕೂಗಿದರು. ಯಾರೋ ಮಗುವಿನ ಮೇಲೆ ಬಿಸಿನೀರು ಹಾಕಿದ ಹಾಗೆ. ನಾನು ಕರ್ಚೀಫಿನಿಂದ ಎರಡು ಸಲ ಎಳೆದು ಒರೆಸಿ, "ಆಯ್ತಲ್ಲ ಮಾರಾಯ್ರೆ? ನಿಮ್ಮ ಮರಕ್ಕೆ ಹೀಗೆ ಮಾಡ್ಲಿಕ್ಕೆ ಆಗ್ತದಾ?" ಎಂದೆ. ಮೇಜಿನಿಂದ ನೀರು ನೆಲದ ಕಲ್ಲಿಗೆ ಇಳಿಯಿತು. ನನ್ನ ಕೈ ಒದ್ದೆ. ಕಾಲು ಬರಿಗಾಲು, ಅದೂ ಒದ್ದೆ.

"ಹುಚ್ಚಪ್ಪ" ಎಂದು ಗೊಣಗುತ್ತ ಕಾಕಾ ವೈರು ಚುಚ್ಚಿ ಗೋಡೆಯ ಸ್ವಿಚ್ಚು ಒತ್ತಿದರು. ಡಬ್ಬಿ ಗುಂಯ್ ಎಂದಿತು.

"ಯಾಕ ಹಿಂಗ ಒದರತದ ಇದು?"

"ಅದು ಯಾವಾಗಲೂ ಹಾಗೇ ಕಾಕಾ."

ಹೇಳುತ್ತಲೇ ಗಿಟಾರು ಎತ್ತಲು ಎರಡೂ ಕೈ ಚಾಚಿದೆ. "ತಡಿ" ಎಂದರು ಕಾಕಾ. ನನ್ನ ಕೈಗಳ ಅಡಿಯಿಂದ ಅವರ ಬಲಗೈ ಮಗುಚಿಕೊಂಡು ಮುಂದೆ ಸರಿಯಿತು. ಗಿಟಾರಿನ ಬುಡದಲ್ಲಿ, ಅವರೇ ಕೊರೆದು ಉಜ್ಜಿದ ಜಾಗದಲ್ಲಿ, ಬೆರಳುಗಳ ಹಿಂಬದಿ ತಾಗಿತು.

ಅವರು ಕಿರುಚಲಿಲ್ಲ. ಎದೆಯಿಂದ ಒಂದು ಸದ್ದು ಹೊರಟಿತು, ಅಷ್ಟೇ. ಕೈ ಹಿಂದಕ್ಕೆ ಹಾರಿತು, ಅದರ ಹಿಂದೆಯೇ ಇಡೀ ಮೈ. ಬೆನ್ನು ಕಪಾಟಿಗೆ ಬಡಿದು, ಮೇಲಿನಿಂದ ಉಳಿ, ಅಂಟಿನ ಡಬ್ಬಿಗಳು ದಬದಬ ಉದುರಿದವು. ನನ್ನ ಒದ್ದೆ ಕೈಗಳು ಗಿಟಾರಿನಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ನಿಂತಿದ್ದವು.

ಆ ಒಂದು ಗೇಣು ಈಗಲೂ ದಿನಕ್ಕೆ ಹಲವು ಸಲ ನನ್ನ ಕಣ್ಣ ಮುಂದೆ ಬರುತ್ತದೆ. ಕೆಲವೊಮ್ಮೆ ಅದು ಅರ್ಧ ಗೇಣು. ಕೆಲವೊಮ್ಮೆ ಕಾಕಾ "ತಡಿ" ಎನ್ನುವುದೇ ಇಲ್ಲ.

"ಮುಟ್ಟಬ್ಯಾಡ!" ನೆಲದಿಂದ ಧ್ವನಿ ಬಂತು. ನಾನು ಸ್ವಿಚ್ಚಿನತ್ತ ತಿರುಗಿದೆ. "ಕೈಲೇ ಬ್ಯಾಡ! ಕಟಗಿ ತಗೋ, ಕಟಗಿ!" ಗೋಡೆಗೊರಗಿದ್ದ ಒಣ ಬೀಟೆಯ ಪಟ್ಟಿಯನ್ನು ಹಿಡಿದು ಸ್ವಿಚ್ಚು ಮೇಲಕ್ಕೆ ತಳ್ಳಿದೆ. ಗುಂಯ್ ಸದ್ದು ನಿಂತಿತು. ಮಹಡಿಯ ಮೇಲೆ ಕೋಚಿಂಗ್ ಕ್ಲಾಸಿನ ಮಕ್ಕಳು ಒಟ್ಟಾಗಿ ಏನೋ ಸೂತ್ರ ಹೇಳುತ್ತಿದ್ದುದು ಆಗ ಕೇಳಿಸಿತು.

ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದೆ. ಡಾಕ್ಟರು ಬಿದ್ದಿರಾ ಎಂದು ಮರಾಠಿಯಲ್ಲಿ ಕೇಳಿದರು. "ನಾಹೀ, ಪಡ್ಲೋ ನಾಹೀ" ಎಂದರು ಕಾಕಾ ಗಂಭೀರವಾಗಿ.

"ಎರಡು ಸಲ ಬಿದ್ದಿದ್ದಾರೆ" ಎಂದೆ ನಾನು.

ಕಾಕಾ ನನ್ನನ್ನು ನೋಡಿದರು. ತುಟಿ ಓರೆಯಾಯಿತು, ನಗುವಂತೆ. ಆಗ ನನಗೆ ಅಳು ಬಂತು.

ಹೃದಯಕ್ಕೆ ಏನೂ ಆಗಿರಲಿಲ್ಲ. ಬಲಗೈಯ ಎರಡು ಬೆರಳು ಮಾತ್ರ ಜೋಮು ಹಿಡಿದವು, ಆ ಜೋಮು ಬಿಡಲೇ ಇಲ್ಲ. ಬೇರೆ ಯಾರಿಗಾದರೂ ಅದು ಸಣ್ಣ ವಿಷಯ. ಕಾಕಾ ಮರವನ್ನು ತಟ್ಟಿ, ಒಳಗಿನ ಅಂಟು ಎಲ್ಲಿ ಬಿಟ್ಟಿದೆ ಎಂದು ತಿಳಿಯುತ್ತಿದ್ದುದು ಆ ಎರಡು ಬೆರಳಿನಿಂದಲೇ.

ಗಿಟಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಒರೆಸಿದರೆ ಸಾಕು, ಹೊಸದರ ಹಾಗೆ ಹೊಳೆಯುತ್ತಿತ್ತು. ಡಬ್ಬಿಯನ್ನು ಒಡೆದು ಎಸೆದೆ. ಇಡೀ ಹೋಟೆಲಿಗೆ ಹೊಸದಾಗಿ ಅರ್ಥಿಂಗ್ ಹಾಕಿಸಿದೆ. ಗಿಟಾರನ್ನು ಮಾರಿಬಿಡುತ್ತೇನೆ ಎಂದಾಗ ಕಾಕಾ ಸಿಟ್ಟಾದರು.

"ತಪ್ಪು ಅದರದಲ್ಲೋ. ಡಬ್ಬಿ ಕೆಟ್ಟಿತ್ತು, ನಾನು ಡಬ್ಬಿ ಬಿಟ್ಟು ಗಿಟಾರ ನೋಡಕೋತ ಕುಂತೆ. ಇಲ್ಲೇ ಬಿಟ್ಟು ಹೋಗು. ಅರ್ಧಾ ಕೆಲಸಾ ಮಾಡಿ ಕೊಡವಲ್ಲೆ."

ಒಂದು ತಿಂಗಳು ಹಿಡಿಯಿತು. ಕರೆದಾಗ ಹೋದೆ. ಗೋಡೆಗಳು ಖಾಲಿಯಾಗಿದ್ದವು, ಬೇರೆಯವರ ವಾದ್ಯಗಳನ್ನೆಲ್ಲ ಅವರವರಿಗೆ ಮರಳಿಸಿದ್ದರು. ಬೆಳಗಾವಿಗೆ, ಮಗಳ ಮನೆಗೆ ಹೊರಟಿದ್ದರು. "ಬೆರಳು ಸುಳ್ಳು ಹೇಳಾಕ ಹತ್ಯಾವ" ಎಂದರು. "ಗಿರಾಕಿ ಸುಳ್ಳು ಹಿಡೀಬಹುದು. ಬೆರಳಿನ ಸುಳ್ಳು ಹೆಂಗ ಹಿಡೀಲಿ?"

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಗಿಟಾರನ್ನು ನನ್ನ ಮುಂದೆ ಮಗುಚಿ ಹಿಡಿದರು. ಬುಡದ ತೂತನ್ನು ದೊಡ್ಡದು ಮಾಡಿ, ಲೋಹದ ಸಾಕೆಟ್ಟಿಗೂ ಕಪ್ಪು ಮೈಗೂ ನಡುವೆ ಬೀಟೆಯ ಒಂದು ಉಂಗುರ ಕೂರಿಸಿದ್ದರು. ನಾನು ಅಂದು ಸ್ವಿಚ್ಚು ತಳ್ಳಿದ ಪಟ್ಟಿಯಿಂದಲೇ ಕೆತ್ತಿದ್ದು. ಒಂದು ಕಡೆ ಉಂಗುರ ತುಸು ಸೊಟ್ಟಗಿತ್ತು. ಅವರ ಕೈಯಿಂದ ಸೊಟ್ಟ ಕೆಲಸ ಬಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನಡುವ ಒಂದ ಕಟಗಿ ಇರಲಿ. ಆದರೂ ಒದ್ದಿ ಕೈಲೇ ಮುಟ್ಟಬ್ಯಾಡ, ಡಬ್ಬಿ ನೋಡಿಸಿ ತಗೋ" ಎಂದರು. ಆಮೇಲೆ, ವೈರು ಇಲ್ಲದೆ ಒಮ್ಮೆ ಬಾರಿಸು ಎಂದು ಹೇಳಿ, ಗಿಟಾರಿನ ಪಕ್ಕೆಗೆ ಕಿವಿ ಹಚ್ಚಿ ಕೂತರು. ಒಂದು ಸ್ವರ ಮೀಟಿದೆ. ಅದು ಖಾಲಿ ಗೋಡೆಗಳ ನಡುವೆ ಬಹಳ ಹೊತ್ತು ನಿಂತಿತು.

"ಛಲೋ ಅದ" ಎಂದರು. ಪಕ್ಕೆಯಿಂದ ಕಿವಿ ತೆಗೆದು, "ನಾ ಸತ್ತ ಮ್ಯಾಲೂ ಹಿಂಗ ಇರತದ. ಅದಕ್ಕ ನಂಬಿಕಿ ಬರೂದಿಲ್ಲ" ಎಂದರು.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ, ವಿದಾಯ ಹೇಳಲೆಂದು ತಿರುಗಿ ಕೈ ಚಾಚಿದೆ. ಕಾಕಾ ಅದನ್ನೇ ನೋಡಿದರು. ಯಾಕೆಂದು ನಾನೂ ನೋಡಿಕೊಂಡೆ. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಮಗುಚಿಕೊಂಡಿತ್ತು. ಬೆರಳುಗಳ ಹಿಂಬದಿ ಅವರ ಕಡೆಗಿತ್ತು.

"ಶಾಣ್ಯಾ ಆದ್ಯೋ, ಬಿ.ಎಸ್ಸಿ. ಇಡ್ಲಿ" ಎಂದು ನಕ್ಕು, ಅವರು ಆ ಕೈಯನ್ನು ತಮ್ಮ ಎರಡೂ ಅಂಗೈಗಳಲ್ಲಿ ಹಿಡಿದುಕೊಂಡರು.